ಲೈಬ್ರರಿಯ ಒಂದೇ ಸರ್ಚ್ ಬಾಕ್ಸ್: ಲೇಖನ ಕಾಣುತ್ತದೆ, ತೆರೆಯುವುದಿಲ್ಲ. ಯಾಕೆ?

ಡೊಂಬಿವಿಲಿ_ಸಂಶೋಧಕಿ

ಎಲ್ಲರಿಗೂ ನಮಸ್ಕಾರ. ಮುಂಬೈಯಲ್ಲಿ ಪಿಎಚ್‌ಡಿ ಮಾಡುತ್ತಿದ್ದೇನೆ. ಗಿರಣಿ ಕೆಲಸಕ್ಕೆ ಅಂತ ಈ ಊರಿಗೆ ಬಂದ ಕನ್ನಡ ಕುಟುಂಬಗಳು, 1982ರ ಮುಷ್ಕರದ ನಂತರ ಅವರ ಬದುಕು ಏನಾಯಿತು, ಇದು ನನ್ನ ವಿಷಯ. ಇಲ್ಲಿ ಲೈಬ್ರರಿ ಕೆಲಸ ಬಲ್ಲವರು ಇದ್ದೀರಿ ಅಂತ ಕೇಳುತ್ತಿದ್ದೇನೆ.

ನಮ್ಮ ಯೂನಿವರ್ಸಿಟಿ ಲೈಬ್ರರಿಯ ಜಾಲತಾಣದಲ್ಲಿ ಮೊದಲು ಡೇಟಾಬೇಸ್‌ಗಳ ಉದ್ದ ಪಟ್ಟಿ ಇತ್ತು. ಒಂದೊಂದನ್ನೇ ತೆರೆದು ಹುಡುಕಬೇಕಿತ್ತು. ಈಗ ಒಂದೇ ಸರ್ಚ್ ಬಾಕ್ಸ್ ಬಂದಿದೆ. ಪುಸ್ತಕ, ಜರ್ನಲ್ ಲೇಖನ, ಥೀಸಿಸ್ ಎಲ್ಲವೂ ಒಂದೇ ಕಡೆ ಸಿಗುತ್ತವೆ ಅಂತ ನಮಗೆ ಹೇಳಿದರು. ನನಗೆ ತುಂಬಾ ಖುಷಿಯಾಗಿತ್ತು.

ತೊಂದರೆ ಇಲ್ಲಿದೆ. ಗಿರಣಿ ಮುಷ್ಕರದ ಬಗ್ಗೆ ಇಪಿಡಬ್ಲ್ಯೂ (ಎಕನಾಮಿಕ್ ಅಂಡ್ ಪೊಲಿಟಿಕಲ್ ವೀಕ್ಲಿ) ವಾರಪತ್ರಿಕೆಯಲ್ಲಿ ಬಂದ ಹಳೆಯ ಲೇಖನಗಳು ಹುಡುಕಿದರೆ ಪಟ್ಟಿಯಲ್ಲಿ ಚೆನ್ನಾಗಿ ಕಾಣುತ್ತವೆ. ಪಕ್ಕದಲ್ಲಿ "ಪೂರ್ಣ ಪಠ್ಯ" ಅಂತ ಗುಂಡಿಯೂ ಇರುತ್ತದೆ. ಒತ್ತಿದರೆ ಒಮ್ಮೆ ಹಣ ಕಟ್ಟಿ ಅನ್ನುವ ಪುಟ, ಇನ್ನೊಮ್ಮೆ ಜರ್ನಲ್‌ನ ಮುಖಪುಟ, ಮತ್ತೊಮ್ಮೆ ಏನೂ ಸಿಗಲಿಲ್ಲ ಅನ್ನುವ ಪುಟ. ಅದೇ ಲೇಖನವನ್ನು ಕ್ಯಾಂಪಸ್‌ನಲ್ಲಿ ಕೂತು, ಹಳೆಯ ಜರ್ನಲ್ ಸಂಚಿಕೆಗಳ ಆನ್‌ಲೈನ್ ಸಂಗ್ರಹವಾದ ಜೆಸ್ಟೋರ್‌ಗೆ ನೇರ ಹೋಗಿ ಹುಡುಕಿದರೆ ತೆರೆಯುತ್ತದೆ! ಅಂದರೆ ಲೈಬ್ರರಿ ಹಣ ಕಟ್ಟಿದೆ, ಲೇಖನ ನಮ್ಮದೇ. ಪೋರ್ಟಲ್‌ಗೆ ಮಾತ್ರ ಅದು ಗೊತ್ತಿಲ್ಲ.

ಇನ್ನೊಂದು ತೊಂದರೆ ಕನ್ನಡದ್ದು. ಕಪಾಟಿನಲ್ಲಿ ಕಣ್ಣಾರೆ ಕಂಡ ಕನ್ನಡ ಪುಸ್ತಕಗಳೂ ಕನ್ನಡದಲ್ಲಿ ಟೈಪ್ ಮಾಡಿ ಹುಡುಕಿದರೆ ಬರುವುದಿಲ್ಲ.

ಇದು ಎಲ್ಲಾ ಕಡೆ ಹೀಗೇನಾ? ನಾನು ಲೈಬ್ರರಿಗೆ ಹೋಗಿ ಏನಂತ ಕೇಳಬೇಕು?

ಠಾಣೆ_ಗ್ರಂಥಪಾಲಕ

ಮೇಡಂ, ನಾನು ಕಾಲೇಜು ಲೈಬ್ರರಿಯಲ್ಲಿ ಕೆಲಸ ಮಾಡುವವನು. ನಿಮ್ಮ ಮೊದಲ ತೊಂದರೆ ಸರ್ಚ್ ಬಾಕ್ಸ್‌ನದ್ದಲ್ಲ ಅಂತ ನನಗನಿಸುತ್ತದೆ. ಅದರ ಹಿಂದೆ ಕೂತು, ಗುಂಡಿ ಒತ್ತಿದಾಗ ಯಾವ ಪ್ರತಿಗೆ ಕಳಿಸಬೇಕು ಅಂತ ತೀರ್ಮಾನಿಸುವ ಲಿಂಕ್ ರಿಸಾಲ್ವರ್ ಅನ್ನುವ ಸಾಫ್ಟ್‌ವೇರ್‌ನದ್ದು. ಇವೆರಡನ್ನೂ ಬೇರೆ ಬೇರೆ ಮಾಡಿ ನೋಡಿದರೆ ಯಾರನ್ನು ಏನು ಕೇಳಬೇಕು ಅನ್ನುವುದು ತಿಳಿಯುತ್ತದೆ. ಸ್ವಲ್ಪ ಉದ್ದ ಬರೆಯುತ್ತೇನೆ, ಓದಿ.

ಮೊದಲು ಹುಡುಕಾಟ. ಹಿಂದೆ ಫೆಡರೇಟೆಡ್ ಸರ್ಚ್ ಅಂತ ಇತ್ತು. ನೀವು ಒಂದು ಪದ ಹಾಕಿದ ಕೂಡಲೇ ಸಾಫ್ಟ್‌ವೇರ್ ಅದನ್ನು ಹತ್ತಾರು ಡೇಟಾಬೇಸ್‌ಗಳಿಗೆ ಒಟ್ಟಿಗೆ ಕಳಿಸುತ್ತಿತ್ತು. ಕ್ಯಾಟಲಾಗ್‌ಗಳ ಜೊತೆ ಮಾತಾಡಲು ಝಡ್39.50 ಅನ್ನುವ ಪ್ರೋಟೊಕಾಲ್ ಬಳಕೆಯಲ್ಲಿತ್ತು. ಎಲ್ಲಕ್ಕಿಂತ ನಿಧಾನದ ಡೇಟಾಬೇಸ್ ಉತ್ತರ ಕೊಡುವ ತನಕ ಓದುಗ ಕಾಯಬೇಕಿತ್ತು. ಒಂದೊಂದರಿಂದಲೂ ಮೊದಲ ಕೆಲವು ಫಲಿತಾಂಶ ಮಾತ್ರ ಬರುತ್ತಿದ್ದವು. ಅವನ್ನು ಒಟ್ಟು ಸೇರಿಸಿ ಯಾವುದು ಮೇಲೆ, ಯಾವುದು ಕೆಳಗೆ ಅಂತ ಸರಿಯಾಗಿ ಜೋಡಿಸಲು ಆಗುತ್ತಿರಲಿಲ್ಲ.

2009, 2010ರ ಹೊತ್ತಿಗೆ ದಾರಿ ಬದಲಾಯಿತು. ಸಮನ್ ಬಂತು, ಎಬ್ಸ್ಕೊ ಡಿಸ್ಕವರಿ ಸರ್ವಿಸ್ ಬಂತು, ಪ್ರಿಮೊ ಸೆಂಟ್ರಲ್ ಬಂತು. ಇವು ನೀವು ಹುಡುಕುವ ಮೊದಲೇ ಪ್ರಕಾಶಕರಿಂದ ಲೇಖನಗಳ ವಿವರ ತರಿಸಿಕೊಂಡು ಒಂದು ದೊಡ್ಡ ಸೂಚಿ ಮಾಡಿ ಇಟ್ಟಿರುತ್ತವೆ. ಹುಡುಕಾಟ ಆ ಒಂದು ಸೂಚಿಯಲ್ಲಿ ಮಾತ್ರ. ಅದಕ್ಕೇ ಇಷ್ಟು ಬೇಗ ಉತ್ತರ ಬರುತ್ತದೆ. ಆದರೆ ಪ್ರಕಾಶಕರು ವಿವರ ಕೊಡದಿದ್ದರೆ ಆ ಲೇಖನ ಸೂಚಿಯಲ್ಲಿ ಇಲ್ಲ. ಒಂದು ಕಂಪನಿಯ ಸೂಚಿಗೆ ಇನ್ನೊಂದು ಕಂಪನಿಯ ಡೇಟಾಬೇಸಿನ ವಿವರ ಪೂರ್ತಿ ಸಿಗದೆ ಇರುವುದೂ ಇದೆ. ಯಾರು ಎಷ್ಟು ಕೊಡುತ್ತಿದ್ದಾರೆ ಅಂತ ಬಿಚ್ಚಿ ಹೇಳಿ ಅನ್ನುವ ಶಿಫಾರಸನ್ನು ಮಾಹಿತಿ ಕ್ಷೇತ್ರದ ಮಾನದಂಡ ರೂಪಿಸುವ ನಿಸೊ ಸಂಸ್ಥೆ 2014ರಲ್ಲೇ ಪ್ರಕಟಿಸಿತು. ಓಪನ್ ಡಿಸ್ಕವರಿ ಇನಿಶಿಯೇಟಿವ್ ಅಂತ ಅದರ ಹೆಸರು.

ಈಗ ಲಿಂಕ್. ಇಲ್ಲೇ ನಿಮ್ಮ ಸಮಸ್ಯೆ ಇರುವುದು. ಒಂದೇ ಲೇಖನ ಪ್ರಕಾಶಕರ ತಾಣದಲ್ಲಿ ಇರಬಹುದು, ಜೆಸ್ಟೋರ್‌ನಲ್ಲಿ ಇರಬಹುದು, ಎಬ್ಸ್ಕೊ ಪ್ಯಾಕೇಜಿನಲ್ಲೂ ಇರಬಹುದು. ನಿಮ್ಮ ಲೈಬ್ರರಿ ಹಣ ಕಟ್ಟಿರುವುದು ಒಂದಕ್ಕೆ ಮಾತ್ರ. ಪಕ್ಕದ ಊರಿನ ಲೈಬ್ರರಿ ಇನ್ನೊಂದಕ್ಕೆ. ಹಾಗಾದರೆ ಗುಂಡಿ ಒತ್ತಿದಾಗ ಯಾವ ಪ್ರತಿಗೆ ಹೋಗಬೇಕು? ಬೆಲ್ಜಿಯಂನ ಘೆಂಟ್ ವಿಶ್ವವಿದ್ಯಾಲಯದಲ್ಲಿ ಹರ್ಬರ್ಟ್ ವಾನ್ ಡ ಸೊಂಪೆಲ್ ಮತ್ತು ಜೊತೆಗಾರರು 1990ರ ದಶಕದ ಕೊನೆಯಲ್ಲಿ ಇದೇ ಪ್ರಶ್ನೆ ಹಿಡಿದು ಕೂತರು. ಅದರಿಂದ ಎಸ್‌ಎಫ್‌ಎಕ್ಸ್ ಅನ್ನುವ ಸಾಫ್ಟ್‌ವೇರ್ ಹುಟ್ಟಿತು, ಓಪನ್‌ಯುಆರ್‌ಎಲ್ ಅನ್ನುವ ಪದ್ಧತಿ ಹುಟ್ಟಿತು. ಮುಂದೆ ಅದು ಝಡ್39.88-2004 ಅನ್ನುವ ಮಾನದಂಡವಾಯಿತು.

ಅದರ ತಿರುಳು ಇಷ್ಟೇ. ಲಿಂಕ್ ಲೇಖನದ ಜಾಗವನ್ನು ತೋರಿಸುವುದಿಲ್ಲ. ಲೇಖನದ ಗುರುತನ್ನು ಹೊತ್ತುಕೊಂಡು ಮೊದಲು ನಿಮ್ಮ ಲೈಬ್ರರಿಯ ರಿಸಾಲ್ವರ್ ಹತ್ತಿರ ಹೋಗುತ್ತದೆ. ರಿಸಾಲ್ವರ್ ತನ್ನ ನಾಲೆಜ್ ಬೇಸ್ ಅನ್ನುವ ಪಟ್ಟಿ ತೆರೆದು ನೋಡುತ್ತದೆ: ಈ ಜರ್ನಲ್ ನಮಗೆ ಎಲ್ಲಿ ಸಿಗುತ್ತದೆ? ಯಾವ ವರ್ಷದಿಂದ ಯಾವ ವರ್ಷದ ತನಕ? ಉತ್ತರ ಸಿಕ್ಕಿದರೆ ಅಲ್ಲಿಗೆ ನಿಮ್ಮನ್ನು ದಾಟಿಸುತ್ತದೆ.

ಆ ನಾಲೆಜ್ ಬೇಸ್ ಹಳೆಯದಾಗಿದ್ದರೆ? ಹತ್ತು ವರ್ಷ ಹಿಂದಿನ ಬಾಡಿಗೆದಾರರ ಪಟ್ಟಿ ಹಿಡಿದು ಚಾಳಿನಲ್ಲಿ ಪತ್ರ ಹಂಚುವ ಪೋಸ್ಟ್‌ಮ್ಯಾನ್ ಏನು ಮಾಡಿಯಾನು? ನಿಮ್ಮ ಲೈಬ್ರರಿಯಲ್ಲಿ ಆಗಿರುವುದು ಅದೇ. ಜೆಸ್ಟೋರ್ ಸಂಗ್ರಹ ನಿಮ್ಮಲ್ಲಿದೆ. ನಾಲೆಜ್ ಬೇಸ್‌ನಲ್ಲಿ ಅದಕ್ಕೆ ಟಿಕ್ ಹಾಕಿಲ್ಲ, ಅಥವಾ ವರ್ಷಗಳನ್ನು ತಪ್ಪಾಗಿ ಕೊಟ್ಟಿದ್ದಾರೆ.

ಇಲ್ಲಿ ನನ್ನ ಮನಸ್ಸಿನ ಮಾತೊಂದು ಹೇಳಬೇಕು. ಪೋರ್ಟಲ್ ಕೊಳ್ಳುವಾಗ ಎಲ್ಲರ ಗಮನ ಆ ಬಾಕ್ಸ್ ಮೇಲೆ ಇರುತ್ತದೆ. ಉದ್ಘಾಟನೆ ಆಗುತ್ತದೆ, ಫೋಟೊ ಬರುತ್ತದೆ. ನಾಲೆಜ್ ಬೇಸ್ ನೋಡಿಕೊಳ್ಳಲು ಒಬ್ಬ ಮನುಷ್ಯ ಬೇಕು, ವರ್ಷವಿಡೀ ಬೇಕು ಅನ್ನುವ ಮಾತು ಟೆಂಡರ್‌ನಲ್ಲಿ ಬರುವುದೇ ಇಲ್ಲ. ಲೈಬ್ರರಿಯಲ್ಲಿ ಹುದ್ದೆಗಳು ಖಾಲಿ ಬಿದ್ದಿರುತ್ತವೆ. ಇರುವ ಒಬ್ಬಿಬ್ಬರು ಕೌಂಟರ್ ನೋಡಬೇಕು, ಕಾಲೇಜಿನ ಮೌಲ್ಯಮಾಪನದ ನ್ಯಾಕ್ ಫೈಲ್ ನೋಡಬೇಕು. ಆ ಪಟ್ಟಿ ಯಾರು ತಿದ್ದಬೇಕು ಹೇಳಿ? ಅದಕ್ಕೆ ಒಬ್ಬರನ್ನು ಕೊಡದೆ ಪೋರ್ಟಲ್ ಕೊಂಡರೆ ಓದುಗನಿಗೆ ಅನ್ಯಾಯ ಮಾಡಿದ ಹಾಗೆಯೇ.

ಡೊಂಬಿವಿಲಿ_ಸಂಶೋಧಕಿ

ಸರ್, ಇಷ್ಟು ವಿವರವಾಗಿ ಬರೆದಿದ್ದಕ್ಕೆ ತುಂಬಾ ಥ್ಯಾಂಕ್ಸ್. ಒಂದು ಸಂಶಯ. ಇಪಿಡಬ್ಲ್ಯೂನ ಎಲ್ಲಾ ಲೇಖನಗಳೂ ಕೈಕೊಡುವುದಿಲ್ಲ. ಕೆಲವು ಸರಿಯಾಗಿ ತೆರೆಯುತ್ತವೆ. ಪಟ್ಟಿಯಲ್ಲಿ ಟಿಕ್ ಹಾಕಿಲ್ಲ ಅಂದರೆ ಒಂದೂ ತೆರೆಯಬಾರದು, ಅಲ್ವಾ?

ಔಂಧ್_ಡೆವಲಪರ್

ಸರಿಯಾಗಿ ಹಿಡಿದಿದ್ದೀರಿ. ನಾನು ಪುಣೆಯಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದೇನೆ. ಲೈಬ್ರರಿಗಳಿಗೆ ಕೋಹಾ (ಕ್ಯಾಟಲಾಗ್ ತಂತ್ರಾಂಶ), ಡಿಸ್ಪೇಸ್ (ಡಿಜಿಟಲ್ ಸಂಗ್ರಹದ ತಂತ್ರಾಂಶ) ಹಾಕಿಕೊಡುವುದೂ ನನ್ನ ಕೆಲಸದಲ್ಲಿ ಸೇರಿದೆ.

ಗುಂಡಿಯ ಮೇಲೆ ರೈಟ್ ಕ್ಲಿಕ್ ಮಾಡಿ ಲಿಂಕ್ ವಿಳಾಸ ಕಾಪಿ ಮಾಡಿ. ಒಂದು ನೋಟ್‌ಪ್ಯಾಡ್‌ನಲ್ಲಿ ಹಾಕಿ ನೋಡಿ. ಪ್ರಶ್ನಾರ್ಥಕ ಚಿಹ್ನೆಯ ಮೊದಲು ಇರುವುದು ನಿಮ್ಮ ಲೈಬ್ರರಿಯ ರಿಸಾಲ್ವರ್ ವಿಳಾಸ. ಅದರ ನಂತರ ಬರುವುದೆಲ್ಲ ಲೇಖನದ ಗುರುತು: ಐಎಸ್‌ಎಸ್‌ಎನ್ (ಪತ್ರಿಕೆಯ ಗುರುತಿನ ಸಂಖ್ಯೆ), ಜರ್ನಲ್ ಹೆಸರು, ಸಂಪುಟ, ಸಂಚಿಕೆ, ಮೊದಲ ಪುಟ, ವರ್ಷ, ಲೇಖಕರ ಹೆಸರು. ಲೇಖನದ ಸ್ಥಿರ ಗುರುತಿನ ಸಂಖ್ಯೆಯಾದ ಡಿಒಐ ಇದ್ದರೆ ಅದೂ ಇರುತ್ತದೆ. ತೆರೆಯುವ ಲೇಖನದ ಲಿಂಕ್ ಒಂದು, ತೆರೆಯದ ಲಿಂಕ್ ಒಂದು, ಎರಡನ್ನೂ ಒಂದರ ಕೆಳಗೊಂದು ಇಟ್ಟು ನೋಡಿದರೆ ವ್ಯತ್ಯಾಸ ಕಣ್ಣಿಗೆ ಬೀಳುತ್ತದೆ.

ಇಪಿಡಬ್ಲ್ಯೂ ಈ ವಿಷಯದಲ್ಲಿ ನಿಜಕ್ಕೂ ಕಷ್ಟದ ಜರ್ನಲ್. ಮುಂಬೈಯಿಂದಲೇ ಬರುವ ಪತ್ರಿಕೆ ಅದು. 1949ರಲ್ಲಿ ಎಕನಾಮಿಕ್ ವೀಕ್ಲಿ ಅಂತ ಶುರುವಾಯಿತು. 1966ರಲ್ಲಿ ಎಕನಾಮಿಕ್ ಅಂಡ್ ಪೊಲಿಟಿಕಲ್ ವೀಕ್ಲಿ ಆಯಿತು. ಓದುಗರಿಗೆ ಇದು ಒಂದೇ ಪರಂಪರೆ. ನಾಲೆಜ್ ಬೇಸ್‌ಗೆ ಎರಡು ಬೇರೆ ಪತ್ರಿಕೆಗಳು. ಐಎಸ್‌ಎಸ್‌ಎನ್ ಕೂಡ ಎರಡಿದೆ. ಮುದ್ರಿತ ಆವೃತ್ತಿಗೆ 0012-9976, ಆನ್‌ಲೈನ್ ಆವೃತ್ತಿಗೆ 2349-8846. ಪೋರ್ಟಲ್ ಒಂದನ್ನು ಕಳಿಸಿ, ನಾಲೆಜ್ ಬೇಸ್‌ನಲ್ಲಿ ಇನ್ನೊಂದು ಮಾತ್ರ ಇದ್ದರೆ ಜೋಡಿ ಕೂಡುವುದಿಲ್ಲ.

ಇನ್ನೂ ಇದೆ. ಇಪಿಡಬ್ಲ್ಯೂ ಆಗಾಗ ಎರಡು ಸಂಚಿಕೆ ಸೇರಿಸಿ ಒಂದು ಮಾಡುತ್ತದೆ. ಆಗ ಸಂಚಿಕೆ ಸಂಖ್ಯೆ 26-27 ಅಂತ ಇರುತ್ತದೆ. ಒಂದು ಕಡೆ 26, ಇನ್ನೊಂದು ಕಡೆ 26/27 ಅಂತ ಬರೆದಿದ್ದರೆ ಮುಗಿಯಿತು. ಹಿಂದಿನ ವಿಶೇಷ ವಿಭಾಗಗಳಲ್ಲಿ ಪುಟ ಸಂಖ್ಯೆಗೆ ಅಕ್ಷರ ಸೇರಿಸುತ್ತಿದ್ದರು. ಮಹಿಳಾ ಅಧ್ಯಯನದ ವಿಭಾಗದಲ್ಲಿ ಡಬ್ಲ್ಯೂಎಸ್-34 ಅಂತ ಪುಟ ಇರುತ್ತದೆ. ಪುಟ ಅಂದರೆ ಬರೀ ಅಂಕಿ ಅಂತ ನಂಬಿದ ಸಾಫ್ಟ್‌ವೇರ್ ಅಲ್ಲಿ ನಿಂತುಬಿಡುತ್ತದೆ. ನೀವು ಗಿರಣಿ ಕುಟುಂಬಗಳ ಹೆಣ್ಣುಮಕ್ಕಳ ಬಗ್ಗೆ ಓದುತ್ತಿದ್ದರೆ ಇಂಥ ಲೇಖನಗಳೇ ಕೈಕೊಡುತ್ತಿರಬಹುದು, ನೋಡಿ.

ಡಿಒಐ ಇದ್ದರೆ ಇಷ್ಟು ಗೊಂದಲ ಇಲ್ಲ. 2000ದಿಂದ ಡಿಒಐ ನೋಂದಾಯಿಸುವ ಕ್ರಾಸ್‌ರೆಫ್ ಸಂಸ್ಥೆ ಆ ಕೆಲಸ ಮಾಡುತ್ತಿದೆ. ಒಂದು ಲೇಖನಕ್ಕೆ ಒಂದು ಸಂಖ್ಯೆ, ಅದು ಬದಲಾಗುವುದಿಲ್ಲ. ತಾಣದ ವಿಳಾಸ ಬದಲಾದರೆ ಪ್ರಕಾಶಕರು ಒಂದು ಕಡೆ ತಿದ್ದಿದರೆ ಸಾಕು. ಆದರೆ ಹಳೆಯ ಭಾರತೀಯ ಜರ್ನಲ್‌ಗಳ ಎಷ್ಟೋ ಲೇಖನಗಳಿಗೆ ಡಿಒಐ ಇಲ್ಲ. ಇದ್ದರೂ ಅದು ಸಾಮಾನ್ಯವಾಗಿ ಪ್ರಕಾಶಕರ ಪ್ರತಿಗೇ ಒಯ್ಯುತ್ತದೆ. ನಿಮ್ಮ ಲೈಬ್ರರಿ ಕೊಂಡಿರುವ ಪ್ರತಿ ಬೇರೆ ಕಡೆ ಇದ್ದರೆ ಮತ್ತೆ ಹಣ ಕಟ್ಟುವ ಪುಟವೇ ಎದುರಾಗುತ್ತದೆ.

ವಾಸ್ಕೊ_ವಿಜ್ಞಾನಿ

ನಾನು ಗೋವಾದಲ್ಲಿ ಸಮುದ್ರ ವಿಜ್ಞಾನದ ಕೆಲಸದಲ್ಲಿದ್ದೇನೆ. ಇಷ್ಟೆಲ್ಲ ಓದಿ ನನಗೆ ಒಂದು ಪ್ರಶ್ನೆ ಬಂತು. ಸಿಟ್ಟಾಗಬೇಡಿ. ಇಷ್ಟು ದುಡ್ಡು ಸುರಿದು ಈ ಪೋರ್ಟಲ್ ಯಾಕೆ ಬೇಕು? ನಾನೂ ನನ್ನ ಜೊತೆಯವರೂ ಗೂಗಲ್ ಸ್ಕಾಲರ್‌ನಲ್ಲಿ ಹುಡುಕುತ್ತೇವೆ. ಅದಕ್ಕೆ ಹಣ ಇಲ್ಲ. ಬ್ರೌಸರ್‌ಗೆ ಅನ್‌ಪೇವಾಲ್ ಹಾಕಿಕೊಂಡಿದ್ದೇನೆ. ಉಚಿತ ಪ್ರತಿ ಎಲ್ಲಾದರೂ ಕಾನೂನು ಪ್ರಕಾರ ಇದ್ದರೆ ಪುಟದ ಪಕ್ಕದಲ್ಲಿ ಹಸಿರು ಬೀಗ ತೋರಿಸುತ್ತದೆ.

ದೋನಾ ಪಾವ್ಲಾದ ರಾಷ್ಟ್ರೀಯ ಸಮುದ್ರ ವಿಜ್ಞಾನ ಸಂಸ್ಥೆ, ಅಂದರೆ ಎನ್‌ಐಒ, ತನ್ನ ವಿಜ್ಞಾನಿಗಳ ಪ್ರಬಂಧಗಳನ್ನು ಸ್ವಂತ ರೆಪಾಸಿಟರಿಯಲ್ಲಿ ಇಟ್ಟಿದೆ. ಡಿಸ್ಪೇಸ್ ಮೇಲೆ ಕಟ್ಟಿದ್ದು. ಅರಬ್ಬೀ ಸಮುದ್ರದ ಬಗ್ಗೆ ಕೆಲಸ ಮಾಡುವವರು ಯಾವ ದೇಶದಲ್ಲಿ ಕೂತರೂ ಅಲ್ಲಿಂದ ಓದಬಹುದು. ಲೈಬ್ರರಿಗಳು ಇಂಥದ್ದಕ್ಕೆ ಹಣ ಹಾಕಲಿ ಅಂತ ನನ್ನ ಅಭಿಪ್ರಾಯ. ಬಾಗಿಲಿಗೆ ಹಣ ಹಾಕಿ ಒಳಗೆ ಏನೂ ಇಲ್ಲದಿದ್ದರೆ ಏನು ಬಂತು?

ಠಾಣೆ_ಗ್ರಂಥಪಾಲಕ

ಸಿಟ್ಟು ಯಾಕೆ ಸರ್, ಇದು ಕೇಳಲೇಬೇಕಾದ ಪ್ರಶ್ನೆ. ರೆಪಾಸಿಟರಿಯ ಬಗ್ಗೆ ನೀವು ಹೇಳಿದ್ದಕ್ಕೆ ನನ್ನ ಪೂರ್ತಿ ಒಪ್ಪಿಗೆ ಇದೆ.

ಗೂಗಲ್ ಸ್ಕಾಲರ್ ವಿಷಯದಲ್ಲಿ ಮಾತ್ರ ಎರಡು ಮಾತು. ನಿಮ್ಮ ಕ್ಷೇತ್ರದಲ್ಲಿ ಲೇಖನಗಳಿಗೆ ಡಿಒಐ ಇರುತ್ತದೆ, ಇಂಗ್ಲಿಷ್‌ನಲ್ಲಿ ಇರುತ್ತವೆ, ಹೊಸದಾಗಿ ಇರುತ್ತವೆ. ಅನ್‌ಪೇವಾಲ್ ಕೂಡ ಡಿಒಐ ಹಿಡಿದೇ ಹುಡುಕುವುದು. ಈ ಮೇಡಂ ಹುಡುಕುತ್ತಿರುವುದು 1980ರ ದಶಕದ ಬರಹ, ಸರ್ಕಾರಿ ವರದಿ, ಕನ್ನಡ ಪುಸ್ತಕ. ಅವರಿಗೆ ಆ ದಾರಿ ಅರ್ಧಕ್ಕೇ ನಿಲ್ಲುತ್ತದೆ. ಇನ್ನೊಂದು ವಿಷಯ, ಸ್ಕಾಲರ್ ತನ್ನ ಸೂಚಿಯಲ್ಲಿ ಯಾವ ಯಾವ ಜರ್ನಲ್ ಇದೆ ಅಂತ ಪಟ್ಟಿ ಕೊಡುವುದಿಲ್ಲ. ಏನು ಬಿಟ್ಟುಹೋಗಿದೆ ಅಂತ ಸಂಶೋಧಕಿಗೆ ಗೊತ್ತಾಗುವುದು ಹೇಗೆ?

ಮತ್ತೆ ನೀವು ಸ್ಕಾಲರ್‌ನಲ್ಲಿ ಹುಡುಕಿದರೂ ಲೈಬ್ರರಿ ಕೊಂಡ ಪ್ರತಿಗೆ ತಲುಪಬೇಕಾದರೆ ರಿಸಾಲ್ವರ್ ಬೇಕೇ ಬೇಕು. ಸ್ಕಾಲರ್‌ನ ಸೆಟ್ಟಿಂಗ್ಸ್‌ನಲ್ಲಿ ಲೈಬ್ರರಿ ಲಿಂಕ್ಸ್ ಅಂತ ಇದೆ. ಅಲ್ಲಿ ನಿಮ್ಮ ಸಂಸ್ಥೆಯ ಹೆಸರು ಸಿಕ್ಕಿದರೆ ಆಯ್ಕೆ ಮಾಡಿ. ಆಗ ಫಲಿತಾಂಶದ ಪಕ್ಕದಲ್ಲಿ ಲೈಬ್ರರಿಯ ಲಿಂಕ್ ಬರುತ್ತದೆ. ಆ ಲಿಂಕ್ ಕೂಡ ಓಪನ್‌ಯುಆರ್‌ಎಲ್ಲೇ. ಅದು ಹೋಗಿ ಕೇಳುವುದೂ ಅದೇ ನಾಲೆಜ್ ಬೇಸನ್ನು. ಅಂದರೆ ಬಾಕ್ಸ್ ಯಾವುದಾದರೂ ಇರಲಿ, ಆ ಪಟ್ಟಿ ಸರಿ ಇಲ್ಲದೆ ಕೆಲಸ ಆಗುವುದಿಲ್ಲ. ದುಡ್ಡು ಕಡಿಮೆ ಇರುವ ಲೈಬ್ರರಿಗೆ ನಾನು ಹೇಳುವುದು ಇದನ್ನೇ: ಬೇಕಾದರೆ ಬಾಕ್ಸ್ ಬಿಡಿ, ರಿಸಾಲ್ವರ್ ಬಿಡಬೇಡಿ.

ಈ ಮಾತಿಗೆ ಈಗ ತೂಕ ಜಾಸ್ತಿ. ಜರ್ನಲ್‌ಗಳಿಗೆ ಇಡೀ ದೇಶಕ್ಕೆ ಒಟ್ಟಾಗಿ ಚಂದಾ ಕಟ್ಟುವ ಒನ್ ನೇಷನ್ ಒನ್ ಸಬ್‌ಸ್ಕ್ರಿಪ್ಷನ್ ಯೋಜನೆಗೆ ಕೇಂದ್ರ ಸಂಪುಟ 2024ರ ನವೆಂಬರ್‌ನಲ್ಲಿ ಒಪ್ಪಿಗೆ ಕೊಟ್ಟಿತು. 2025ರಿಂದ 2027ರ ತನಕ ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ. 30 ಪ್ರಕಾಶಕರು, ಸುಮಾರು 13,000 ಜರ್ನಲ್‌ಗಳು, 6,300ಕ್ಕೂ ಹೆಚ್ಚು ಸಂಸ್ಥೆಗಳು. ಕೇಂದ್ರ ಮತ್ತು ರಾಜ್ಯ ಸರ್ಕಾರಗಳ ಉನ್ನತ ಶಿಕ್ಷಣ ಸಂಸ್ಥೆಗಳು, ಕೇಂದ್ರದ ಸಂಶೋಧನಾ ಸಂಸ್ಥೆಗಳು ಇದರ ಒಳಗೆ ಬರುತ್ತವೆ. ವಿಶ್ವವಿದ್ಯಾಲಯಗಳ ಲೈಬ್ರರಿಗಳನ್ನು ಜೋಡಿಸುವ ಗಾಂಧಿನಗರದ ಇನ್‌ಫ್ಲಿಬ್‌ನೆಟ್ ಕೇಂದ್ರ ಇದನ್ನು ನಡೆಸುತ್ತಿದೆ. ಒಳ್ಳೆಯ ಕೆಲಸ. ನನಗೆ ಇದರ ಬಗ್ಗೆ ನಿಜವಾಗಿ ಸಂತೋಷ ಇದೆ. ಆದರೆ ಒಂದು ಲೈಬ್ರರಿಗೆ ಹೊಸದಾಗಿ ಇಷ್ಟು ಜರ್ನಲ್ ಸೇರಿದಾಗ, ಹಳೆಯ ಪ್ಯಾಕೇಜ್ ಕೆಲವು ಮುಗಿದಾಗ, ನಾಲೆಜ್ ಬೇಸ್‌ನಲ್ಲೂ ಅಷ್ಟನ್ನೂ ಬದಲಾಯಿಸಬೇಕು. ಬದಲಾಯಿಸದೆ ಬಿಟ್ಟರೆ ಜರ್ನಲ್ ಬಂದಿದ್ದೂ ಓದುಗನಿಗೆ ತಿಳಿಯುವುದಿಲ್ಲ.

ಇದಕ್ಕೆ ಒಂದು ಸುಲಭ ದಾರಿ ಇದೆ. ಕೆಬಾರ್ಟ್ ಅಂತ 2010ರಲ್ಲಿ ಬಂದ ಶಿಫಾರಸು. ಪ್ರಕಾಶಕರು ತಮ್ಮ ಜರ್ನಲ್ ಪಟ್ಟಿಯನ್ನು ಒಂದೇ ನಮೂನೆಯ ಫೈಲ್‌ನಲ್ಲಿ ಕೊಡಬೇಕು ಅನ್ನುತ್ತದೆ. ಹೆಸರು, ಎರಡೂ ಐಎಸ್‌ಎಸ್‌ಎನ್, ಮೊದಲ ಸಂಚಿಕೆಯ ದಿನಾಂಕ, ಕೊನೆಯ ಸಂಚಿಕೆಯ ದಿನಾಂಕ, ತಡೆ ಅವಧಿ. ತಡೆ ಅವಧಿಗೆ ಪಿ5ವೈ ಅಂತ ಬರೆದಿದ್ದರೆ ಇತ್ತೀಚಿನ ಐದು ವರ್ಷ ಬಿಟ್ಟು ಹಿಂದಿನದೆಲ್ಲ ಸಿಗುತ್ತದೆ ಅಂತ ಅರ್ಥ. ಜೆಸ್ಟೋರ್‌ನಂಥ ಹಳೆ ಸಂಚಿಕೆಗಳ ಸಂಗ್ರಹದಲ್ಲಿ ಈ ಒಂದು ಕಾಲಂ ತಪ್ಪಾದರೆ ಸಾಕು, ಇರುವುದು ಇಲ್ಲ ಅನ್ನುತ್ತದೆ, ಇಲ್ಲದ್ದು ಇದೆ ಅನ್ನುತ್ತದೆ. ನಿಮ್ಮ ಲೈಬ್ರರಿಯವರಿಗೆ ಇದೇ ಕಾಲಂ ನೋಡಲು ಹೇಳಿ ಮೇಡಂ.

ವಾಸ್ಕೊ_ವಿಜ್ಞಾನಿ

ಲೈಬ್ರರಿ ಲಿಂಕ್ಸ್ ವಿಷಯ ಗೊತ್ತಿರಲಿಲ್ಲ ಸರ್. ಈಗಲೇ ಹಾಕಿಕೊಂಡೆ. ಬಾಕ್ಸ್‌ಗಿಂತ ರಿಸಾಲ್ವರ್ ಮುಖ್ಯ ಅನ್ನುವುದು ನನಗೂ ಒಪ್ಪಿಗೆ.

ಮಾಟುಂಗಾ_ಮೇಷ್ಟ್ರು

ಎಲ್ಲರೂ ಲೇಖನದ ಬಗ್ಗೆಯೇ ಮಾತಾಡುತ್ತಿದ್ದೀರಿ ಮಾರಾಯ್ರೆ. ಕನ್ನಡದ ಪ್ರಶ್ನೆ ಅಲ್ಲೇ ಉಳಿಯಿತು. ತಂಗಿ ಕೇಳಿದ ಎರಡನೇ ಪ್ರಶ್ನೆ ನನಗೆ ಮೊದಲನೆಯದಕ್ಕಿಂತ ದೊಡ್ಡದು.

ಮುಂಬೈಯಲ್ಲಿ ಕನ್ನಡ ಪುಸ್ತಕಗಳು ಕಡಿಮೆ ಇಲ್ಲ. ಮುಂಬೈ ವಿಶ್ವವಿದ್ಯಾಲಯದಲ್ಲಿ ಕನ್ನಡ ವಿಭಾಗ ಇದೆ. ಮಾಹೀಮಿನಲ್ಲಿ ಕರ್ನಾಟಕ ಸಂಘ ಇದೆ, ಇಲ್ಲಿ ಮಾಟುಂಗಾದಲ್ಲಿ ಮೈಸೂರು ಅಸೋಸಿಯೇಷನ್ ಇದೆ. ಹೋಟೆಲಿನಲ್ಲಿ ಹಗಲು ದುಡಿದು ರಾತ್ರಿ ಶಾಲೆಯಲ್ಲಿ ಕಲಿತವರು ಬರೆದ ಪುಸ್ತಕಗಳು, ಸಂಘಗಳ ಸ್ಮರಣ ಸಂಚಿಕೆಗಳು, ಸಣ್ಣ ಪತ್ರಿಕೆಗಳು ಎಷ್ಟೋ ಮನೆಗಳಲ್ಲಿ, ಎಷ್ಟೋ ಕಪಾಟುಗಳಲ್ಲಿ ಇವೆ. ತಂಗಿಯ ಸಂಶೋಧನೆಗೆ ಬೇಕಾದ ವಿಷಯ ಇಂಗ್ಲಿಷ್ ಜರ್ನಲ್‌ಗಿಂತ ಇವುಗಳಲ್ಲಿ ಜಾಸ್ತಿ ಸಿಗುತ್ತದೆ. ಇವು ಯಾವ ಪೋರ್ಟಲ್‌ನಲ್ಲೂ ಕಾಣದಿದ್ದರೆ ಮುಂದಿನ ತಲೆಮಾರಿಗೆ ಇವು ಇಲ್ಲ ಅಂತಲೇ ಲೆಕ್ಕ.

ನಾನು ಕೆಲವು ಕಡೆ ಕ್ಯಾಟಲಾಗ್ ನೋಡಿದ್ದೇನೆ. ಕನ್ನಡ ಪುಸ್ತಕದ ಹೆಸರನ್ನು ರೋಮನ್ ಅಕ್ಷರದಲ್ಲಿ ಹಾಕಿರುತ್ತಾರೆ. ಒಬ್ಬರು ದೀರ್ಘಕ್ಕೆ ಎರಡು ಎ ಹಾಕುತ್ತಾರೆ, ಇನ್ನೊಬ್ಬರು ಒಂದು. ಒಬ್ಬರಿಗೆ ಳಕಾರ, ಲಕಾರ ಒಂದೇ. ಲೇಖಕರ ಹೆಸರಿನದ್ದು ಇನ್ನೂ ಕಷ್ಟ. ಬೇಂದ್ರೆಯವರ ಪುಸ್ತಕ ಹುಡುಕಬೇಕಾದರೆ ಬೇಂದ್ರೆ ಅನ್ನಬೇಕೋ, ದ.ರಾ. ಅನ್ನಬೇಕೋ, ಅಂಬಿಕಾತನಯದತ್ತ ಅನ್ನಬೇಕೋ? ಮೂರಕ್ಕೂ ಒಂದೇ ಉತ್ತರ ಬರಬೇಕಲ್ಲ. ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ ಓದಿ, ಸೊಲ್ಲಾಪುರದಲ್ಲಿ ಪಾಠ ಮಾಡಿದ ಕವಿ. ಮಹಾರಾಷ್ಟ್ರದ ಲೈಬ್ರರಿಯಲ್ಲಿ ಅವರನ್ನು ಹುಡುಕಲು ಇಷ್ಟು ಕಷ್ಟ ಪಡಬೇಕೇ?

ಔಂಧ್_ಡೆವಲಪರ್

ಮೇಷ್ಟ್ರೇ, ನೀವು ಹೇಳಿದ್ದರಲ್ಲಿ ಮೂರು ಬೇರೆ ಬೇರೆ ತೊಂದರೆ ಇವೆ. ಮೂರಕ್ಕೂ ಪರಿಹಾರ ಇದೆ. ಅದಕ್ಕೇ ನನಗೆ ಬೇಜಾರು. ಆಗದ ಕೆಲಸ ಆಗಿದ್ದರೆ ಸುಮ್ಮನಿರಬಹುದಿತ್ತು.

ಲೇಖಕರ ಹೆಸರು: ಕ್ಯಾಟಲಾಗ್‌ನಲ್ಲಿ ಅಥಾರಿಟಿ ದಾಖಲೆ ಅಂತ ಇರುತ್ತದೆ. ಒಬ್ಬ ಲೇಖಕರ ಎಲ್ಲಾ ಹೆಸರುಗಳನ್ನೂ, ಎಲ್ಲಾ ಲಿಪಿಗಳಲ್ಲೂ ಒಂದೇ ದಾಖಲೆಯಲ್ಲಿ ಕಟ್ಟಿ ಇಡುವುದು. ಜಗತ್ತಿನ ರಾಷ್ಟ್ರೀಯ ಲೈಬ್ರರಿಗಳ ಇಂಥ ದಾಖಲೆಗಳನ್ನು ವಯಾಫ್ ಅನ್ನುವ ತಾಣ ಒಟ್ಟು ಜೋಡಿಸುತ್ತದೆ. ಕೋಹಾದಲ್ಲಿ ಈ ಸೌಲಭ್ಯ ಇದೆ. ಅದನ್ನು ಬಳಸುವವರು ಕಡಿಮೆ, ಅಷ್ಟೇ.

ರೋಮನ್ ಅಕ್ಷರ: ಮಾರ್ಕ್ ಅನ್ನುವ ಕ್ಯಾಟಲಾಗ್ ನಮೂನೆಯ ದಾಖಲೆಯಲ್ಲಿ 880 ಅಂತ ಒಂದು ಫೀಲ್ಡ್ ಇದೆ. ರೋಮನ್‌ನಲ್ಲಿ ಹೆಸರು ಹಾಕಿದ ಮೇಲೆ ಮೂಲ ಲಿಪಿಯ ಹೆಸರನ್ನು ಇಲ್ಲಿ ಹಾಕಿ ಎರಡನ್ನೂ ಜೋಡಿಸಬಹುದು. ಆಗ ರೋಮನ್‌ನಲ್ಲಿ ಹುಡುಕಿದವರಿಗೂ ಸಿಗುತ್ತದೆ, ಕನ್ನಡದಲ್ಲಿ ಹುಡುಕಿದವರಿಗೂ ಸಿಗುತ್ತದೆ.

ಮೂರನೆಯದು ಯೂನಿಕೋಡ್. ಇದು ಕಣ್ಣಿಗೆ ಕಾಣುವುದಿಲ್ಲ, ಹಾಗಾಗಿ ಇದರ ಬಗ್ಗೆ ಸ್ವಲ್ಪ ಜಾಸ್ತಿ ಹೇಳುತ್ತೇನೆ. "ಕೊ" ಅಂತ ಬರೆಯಲು ಯೂನಿಕೋಡ್‌ನಲ್ಲಿ ಎರಡು ದಾರಿ ಇವೆ. ಕ ಅಕ್ಷರಕ್ಕೆ ಒತ್ವದ ಒಂದೇ ಚಿಹ್ನೆ ಸೇರಿಸಬಹುದು. ಇಲ್ಲವೇ ಎತ್ವದ ಚಿಹ್ನೆ ಮತ್ತು ಊತ್ವದ ಚಿಹ್ನೆ ಎರಡನ್ನು ಒಂದರ ಹಿಂದೆ ಒಂದು ಸೇರಿಸಬಹುದು. ಪರದೆ ಮೇಲೆ ಎರಡೂ ಒಂದೇ ತರ ಕಾಣುತ್ತವೆ. ಕಂಪ್ಯೂಟರ್‌ಗೆ ಬೇರೆ ಬೇರೆ. ಕ್ಯಾಟಲಾಗ್ ಒಂದು ದಾರಿಯಲ್ಲಿ ಟೈಪ್ ಆಗಿ, ನಿಮ್ಮ ಮೊಬೈಲ್ ಕೀಬೋರ್ಡ್ ಇನ್ನೊಂದು ದಾರಿ ಹಿಡಿದರೆ ಫಲಿತಾಂಶ ಸೊನ್ನೆ. ಹಾಗೆಯೇ "ಸಾಫ್ಟ್‌ವೇರ್" ಅಂತ ಬರೆಯುವಾಗ ಟ್ ಆದ ಮೇಲೆ ಕಣ್ಣಿಗೆ ಕಾಣದ ಒಂದು ಅಕ್ಷರ ಇರುತ್ತದೆ. ವಕಾರ ಒತ್ತಕ್ಷರವಾಗಿ ಕೆಳಗೆ ಇಳಿಯದ ಹಾಗೆ ಅದು ತಡೆಯುತ್ತದೆ. ಒಬ್ಬರು ಅದನ್ನು ಹಾಕುತ್ತಾರೆ, ಒಬ್ಬರು ಹಾಕುವುದಿಲ್ಲ.

ಸೂಚಿ ಮಾಡುವಾಗಲೂ ಹುಡುಕುವಾಗಲೂ ಎರಡೂ ಕಡೆ ಒಂದೇ ರೂಪಕ್ಕೆ ತರಬೇಕು. ಅದಕ್ಕೆ ನಾರ್ಮಲೈಸೇಷನ್ ಅನ್ನುತ್ತಾರೆ. ವೂಫೈಂಡ್, ಬ್ಲ್ಯಾಕ್‌ಲೈಟ್ ಎರಡೂ ಇಂಥ ಸರ್ಚ್ ಪೋರ್ಟಲ್ ಕಟ್ಟುವ ಮುಕ್ತ ತಂತ್ರಾಂಶಗಳು. ಎರಡರ ಕೆಳಗೂ ಸೋಲರ್ ಅನ್ನುವ ಹುಡುಕಾಟದ ಎಂಜಿನ್ ಇದೆ. ಅದರಲ್ಲಿ ಐಸಿಯು ನಾರ್ಮಲೈಸರ್ ಹಾಕಿದರೆ ಈ ಎರಡೂ ತೊಂದರೆ ಹೋಗುತ್ತವೆ. ಸೆಟ್ಟಿಂಗ್ ಫೈಲ್‌ನಲ್ಲಿ ಬೆರಳೆಣಿಕೆಯ ಸಾಲುಗಳು, ನಂತರ ಒಮ್ಮೆ ಸೂಚಿಯನ್ನು ಹೊಸದಾಗಿ ಕಟ್ಟಬೇಕು. ಕೊಂಡು ತಂದ ಪೋರ್ಟಲ್ ಆಗಿದ್ದರೆ ಕಂಪನಿಯವರನ್ನು ಕೇಳಬೇಕು. ಕನ್ನಡದಲ್ಲಿ ಹುಡುಕಿ ತೋರಿಸಿ ಅಂತ ಕೊಳ್ಳುವ ಮೊದಲೇ ಕೇಳಿದರೆ ಇನ್ನೂ ಒಳ್ಳೆಯದು.

ವಿಭಕ್ತಿ ಪ್ರತ್ಯಯದ ತೊಂದರೆ ಬೇರೆ ಇದೆ. "ಮುಂಬೈ" ಅಂತ ಹುಡುಕಿದರೆ "ಮುಂಬೈಯಲ್ಲಿ" ಬರುವುದಿಲ್ಲ. ಸದ್ಯಕ್ಕೆ ಪದದ ಕೊನೆಗೆ ನಕ್ಷತ್ರ ಚಿಹ್ನೆ ಹಾಕಿ ಹುಡುಕಿ. ಮುಂಬಯಿ, ಬೊಂಬಾಯಿ ಎರಡನ್ನೂ ಬೇರೆಯಾಗಿ ಹಾಕಿ ನೋಡಿ.

ಕೋಥರೂಡ್_ಎಂಎ

ಅಕ್ಕಾ, ನಾನು ಪುಣೆಯಲ್ಲಿ ಅರ್ಥಶಾಸ್ತ್ರ ಓದುತ್ತಿದ್ದೇನೆ. ಗೋಖಲೆ ಇನ್‌ಸ್ಟಿಟ್ಯೂಟಿನ ಧನಂಜಯರಾವ್ ಗಾಡಗೀಳ್ ಲೈಬ್ರರಿ ಹಳೆಯ ಪುಸ್ತಕಗಳನ್ನೂ ಸರ್ಕಾರಿ ವರದಿಗಳನ್ನೂ ಸ್ಕ್ಯಾನ್ ಮಾಡಿ ಡಿಸ್ಪೇಸ್‌ನಲ್ಲಿ ಇಟ್ಟಿದೆ. ಮುಂಬೈ ಪ್ರಾಂತ್ಯದ ಕಾಲದ ಕಾರ್ಮಿಕ ವರದಿಗಳನ್ನು ಅಲ್ಲಿ ಹುಡುಕಿ. ಫೋರ್ಟ್‌ನಲ್ಲಿರುವ ಏಷಿಯಾಟಿಕ್ ಸೊಸೈಟಿಯ ಗ್ರಂಥ ಸಂಜೀವನಿ ಡಿಜಿಟಲ್ ಸಂಗ್ರಹದಲ್ಲೂ ಹಳೆಯ ಪುಸ್ತಕ, ಪತ್ರಿಕೆಗಳು ಇವೆ. ಥೀಸಿಸ್‌ಗೆ ಶೋಧಗಂಗಾ ಗೊತ್ತೇ ಇರುತ್ತದೆ. ಅಲ್ಲಿ ಕನ್ನಡ ಥೀಸಿಸ್ ಹುಡುಕುವಾಗ ಹೆಸರನ್ನು ರೋಮನ್‌ನಲ್ಲೂ ಒಮ್ಮೆ ಹಾಕಿ ನೋಡಿ.

ಇವೆಲ್ಲ ನಿಮ್ಮ ಪೋರ್ಟಲ್‌ನಲ್ಲಿ ಯಾಕೆ ಬರುವುದಿಲ್ಲ ಅಂತ ನನಗೂ ಪ್ರಶ್ನೆ ಇದೆ. ಸರ್, ಬರಿಸಲು ಆಗುವುದಿಲ್ಲವೇ?

ಠಾಣೆ_ಗ್ರಂಥಪಾಲಕ

ಆಗುತ್ತದೆ. ಡಿಸ್ಪೇಸ್‌ನಂಥ ರೆಪಾಸಿಟರಿಗಳು ಒಎಐ-ಪಿಎಂಎಚ್ ಅನ್ನುವ ಪದ್ಧತಿಯಲ್ಲಿ ತಮ್ಮ ದಾಖಲೆಗಳನ್ನು ಬೇರೆಯವರಿಗೆ ಕೊಡಬಲ್ಲವು. 2001ರಿಂದ ಇರುವ ಪದ್ಧತಿ. ಪೋರ್ಟಲ್ ಆ ದಾಖಲೆಗಳನ್ನು ನಿಯಮಿತವಾಗಿ ತಂದು ತನ್ನ ಸೂಚಿಗೆ ಸೇರಿಸಿಕೊಳ್ಳಬೇಕು. ಐಐಟಿ ಖರಗ್‌ಪುರ ನಡೆಸುವ ರಾಷ್ಟ್ರೀಯ ಡಿಜಿಟಲ್ ಲೈಬ್ರರಿ ದೇಶದ ಎಷ್ಟೋ ರೆಪಾಸಿಟರಿಗಳ ವಿವರ ಹೀಗೆಯೇ ಒಂದು ಕಡೆ ತರುತ್ತಿದೆ. ನಿಮ್ಮ ಲೈಬ್ರರಿಗೆ ಯಾವ ಯಾವ ಸಂಗ್ರಹ ಸೇರಿಸಬೇಕು ಅಂತ ಓದುಗರು ಬರೆದು ಕೊಡಬೇಕು. ಮುಂಬೈ, ಪುಣೆಯ ಸಂಗ್ರಹಗಳು ಆ ಪಟ್ಟಿಯ ಮೇಲ್ಭಾಗದಲ್ಲೇ ಇರಬೇಕು ಅನ್ನುತ್ತೇನೆ ನಾನು.

ಡೊಂಬಿವಿಲಿ_ಸಂಶೋಧಕಿ

ನಿಮ್ಮೆಲ್ಲರ ಮಾತು ಕೇಳಿ ಲೈಬ್ರರಿಗೆ ಹೋಗಿ ಬಂದೆ. ತೆರೆಯುವ, ತೆರೆಯದ ಲಿಂಕ್‌ಗಳನ್ನು ಪಕ್ಕ ಪಕ್ಕ ಇಟ್ಟು ಪ್ರಿಂಟ್ ತೆಗೆದುಕೊಂಡು ಹೋಗಿದ್ದೆ. ಅಲ್ಲಿನ ಮೇಡಂ ಕೂರಿಸಿ ಮಾತಾಡಿದರು. ಇಂಥ ದೂರು ಯಾರೂ ವಿವರವಾಗಿ ತರುವುದಿಲ್ಲ, ಬರೀ "ತೆರೆಯಲ್ಲ" ಅಂತಾರೆ ಅಂದರು.

ಇಬ್ಬರೂ ಹೇಳಿದ್ದು ಸರಿ ಇತ್ತು. ನಾಲೆಜ್ ಬೇಸ್‌ನಲ್ಲಿ ಜೆಸ್ಟೋರ್‌ನ ಒಂದು ಸಂಗ್ರಹಕ್ಕೆ ಮಾತ್ರ ಟಿಕ್ ಇತ್ತು, ಇಪಿಡಬ್ಲ್ಯೂ ಇರುವ ಸಂಗ್ರಹಕ್ಕೆ ಇರಲಿಲ್ಲ. ಕೆಲವು ಲೇಖನ ತೆರೆಯುತ್ತಿದ್ದದ್ದು ಬೇರೊಂದು ಪ್ಯಾಕೇಜಿನಿಂದ. ಅಲ್ಲೇ ನನ್ನ ಎದುರಿಗೇ ಸರಿ ಮಾಡಿದರು. ಆದರೆ ಡಬ್ಲ್ಯೂಎಸ್ ಪುಟಗಳು ಇನ್ನೂ ತೆರೆಯುತ್ತಿಲ್ಲ. ಜರ್ನಲ್‌ನ ಸಂಚಿಕೆಯ ತನಕ ಹೋಗುತ್ತದೆ, ಲೇಖನಕ್ಕೆ ಹೋಗುವುದಿಲ್ಲ.

ಮನೆಯಿಂದ ಓದಲು ಇನ್‌ಫೆಡ್ ಲಾಗಿನ್ ಕೂಡ ಮಾಡಿಸಿಕೊಂಡೆ. ರಾತ್ರಿ ಹೊತ್ತು ಕೆಲಸ ಮಾಡುವವಳಿಗೆ ಅದು ದೊಡ್ಡ ಅನುಕೂಲ. ಕನ್ನಡದ ವಿಷಯ ಕೇಳಿದಾಗ ದಾಖಲೆಗಳು ರೋಮನ್‌ನಲ್ಲೇ ಇವೆ, 880 ಹಾಕಲು ಕನ್ನಡ ಬರುವ ಸಿಬ್ಬಂದಿ ಇಲ್ಲ ಅಂದರು. ಯಾರಾದರೂ ಸಹಾಯ ಮಾಡಿದರೆ ಸೇರಿಸಲು ಸಿದ್ಧ ಅಂತಲೂ ಹೇಳಿದರು.

ಔಂಧ್_ಡೆವಲಪರ್

ಡಬ್ಲ್ಯೂಎಸ್ ಪುಟಗಳಿಗೆ ಲೈಬ್ರರಿಯಿಂದ ಕಂಪನಿಗೆ ದೂರಿನ ಟಿಕೆಟ್ ಹಾಕಿಸಿ. ಪರದೆಯ ಚಿತ್ರ ಸಾಲದು, ಪೂರ್ತಿ ಓಪನ್‌ಯುಆರ್‌ಎಲ್ ಅದರಲ್ಲಿ ಇರಲಿ. ಸಾಧ್ಯವಾದರೆ ಪುಟ ಸಂಖ್ಯೆ ಬಿಟ್ಟು ಲೇಖನದ ಹೆಸರಿನಿಂದ ಹುಡುಕುವ ಹಾಗೆ ಆ ಜರ್ನಲ್‌ಗೆ ನಿಯಮ ಬದಲಾಯಿಸಿ ಅಂತ ಕೇಳಿ. ಅಲ್ಲಿಯ ತನಕ ಸಂಚಿಕೆಯ ಪುಟದಿಂದ ಲೇಖನ ಆರಿಸಿಕೊಳ್ಳಿ.

ಕನ್ನಡದ ದಾಖಲೆ ಹಾಕಲು ನಾನು ಶನಿವಾರ ಬರಬಲ್ಲೆ. ಮೇಷ್ಟ್ರೇ, ನಿಮ್ಮ ಹತ್ತಿರ ಮುಂಬೈ ಕನ್ನಡ ಪುಸ್ತಕಗಳ ಪಟ್ಟಿ ಏನಾದರೂ ಇದೆಯಾ?

ಮಾಟುಂಗಾ_ಮೇಷ್ಟ್ರು

ಇದೆ. ಲೇಖಕ, ಪುಸ್ತಕ, ಪ್ರಕಾಶಕ, ವರ್ಷ ಎಲ್ಲ ಹಾಕಿ ಟೈಪ್ ಮಾಡಿಸಿ ಇಟ್ಟಿದ್ದೇನೆ. ಹಳೆಯ ನುಡಿ ಫಾಂಟಿನಲ್ಲಿದೆ. ಈಗಿನ ಕಂಪ್ಯೂಟರಿನಲ್ಲಿ ತೆರೆದರೆ ಬರೀ ಇಂಗ್ಲಿಷ್ ಅಕ್ಷರ, ಚಿಹ್ನೆ ಕಾಣುತ್ತದೆ.

ಔಂಧ್_ಡೆವಲಪರ್

ತೊಂದರೆ ಇಲ್ಲ, ಹಾಗೇ ಕಳಿಸಿ. ನುಡಿಯಿಂದ ಯೂನಿಕೋಡ್‌ಗೆ ಬದಲಾಯಿಸುವ ಕನ್ವರ್ಟರ್ ಇದೆ. ಅರ್ಕಾವತ್ತು ಇರುವ ಪದಗಳನ್ನು ಮಾತ್ರ ನೀವು ಒಮ್ಮೆ ಕಣ್ಣಾಡಿಸಿ ಕೊಡಬೇಕು, ಅಲ್ಲಿ ಅಕ್ಷರ ಹಿಂದುಮುಂದಾಗುತ್ತದೆ. ಆಮೇಲೆ ಮಾರ್ಕ್ ದಾಖಲೆ ತಿದ್ದುವ ಮಾರ್ಕ್‌ಎಡಿಟ್‌ನಲ್ಲಿ ಹಾಕಿ 880 ಸಮೇತ ದಾಖಲೆ ಮಾಡುತ್ತೇನೆ. ಫೈಲ್ ರೆಡಿ ಆದ ಮೇಲೆ ಅದನ್ನು ಈ ಮೇಡಂ ಅವರ ಲೈಬ್ರರಿಗೂ ಠಾಣೆ ಸರ್ ಅವರ ಲೈಬ್ರರಿಗೂ ಕೊಡೋಣ.